ಟಿಎಎಚ್ ವಿತ್ ಬಿಎಸ್‌ಒ

ಅಕ್ಕನ ಹಳೇ ಫೈಲು ಹದಿಮೂರು ವರ್ಷ ಟ್ರಂಕಿನ ತಳದಲ್ಲಿ ಪಹಣಿ, ರೇಷನ್ ಕಾರ್ಡು, ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೊತೆ ಮಲಗಿತ್ತು. ಹೋದ ವರ್ಷ ಮೂಳೆ ಡಾಕ್ಟರು "ಹಳೇ ಕಾಗದ ಏನಿದ್ರೂ ತಗೊಂಡು ಬನ್ನಿ" ಅಂದಿದ್ದಕ್ಕೆ ಅದನ್ನು ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಹರಪನಹಳ್ಳಿ ಕಡೆಯಿಂದ ಬಸ್ಸು ಹತ್ತಿ ದಾವಣಗೆರೆಗೆ ಬಂದಿದ್ದಳು. ದನದ ಕೊಟ್ಟಿಗೆಯ ಮೆಟ್ಟಿಲಲ್ಲಿ ಕಾಲು ಜಾರಿತ್ತು. ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿದಿತ್ತು. ಅಷ್ಟಕ್ಕೆಲ್ಲ ಮೂಳೆ ಮುರಿಯುವ ವಯಸ್ಸಲ್ಲ ಅವಳದು, ನಲವತ್ತೊಂಬತ್ತು. ಡಾಕ್ಟರಿಗೆ ಅನುಮಾನ ಬಂದು ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದರು. ಮೈನಸ್ 2.9 ಅಂತ ಬಂದಿತ್ತು. ಮೈನಸ್ ಎರಡೂವರೆಗಿಂತ ಕೆಳಗಿಳಿದರೆ ಮೂಳೆ ಸವೆದಿದೆ ಅಂತಲೇ ಅರ್ಥವಂತೆ.

ಫೈಲು ತಿರುವುತ್ತಿದ್ದ ಡಾಕ್ಟರು ಡಿಸ್‌ಚಾರ್ಜ್ ಸಮ್ಮರಿಯ ಮೇಲೆ ಬೆರಳಿಟ್ಟು ಕೇಳಿದರು: "ಮೂವತ್ತಾರಕ್ಕೇ ಅಂಡಾಶಯ ಎರಡೂ ತೆಗೆಸಿದ್ದೀರಲ್ಲಮ್ಮ, ಯಾಕೆ?"

ಅಕ್ಕ ನನ್ನ ಮುಖ ನೋಡಿದಳು.

"ಇಲ್ಲ ಸರ್, ಗರ್ಭಕೋಶ ಅಷ್ಟೇ" ಅಂದೆ ನಾನು.

ಅವರು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಇದ್ದದ್ದು ಇಷ್ಟೇ: ಟಿಎಎಚ್ ವಿತ್ ಬಿಎಸ್‌ಒ. ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶ ಪೂರ್ತಿ ತೆಗೆಯುವುದು. ಬಿಎಸ್‌ಒ ಅಂದರೆ ಎರಡೂ ಕಡೆಯ ಅಂಡನಾಳ, ಅಂಡಾಶಯ. ಬ್ಯಾಂಕಿನಲ್ಲಿ ದಿನಕ್ಕೆ ನೂರು ಇಂಗ್ಲಿಷ್ ಕಾಗದ ಓದುವವನು ನಾನು. ಈ ಮೂರು ಪದ ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನಾನೇ ಆದರೂ.

2011ರ ಮಾತು. ಅಕ್ಕನಿಗೆ ಮುಟ್ಟಿನ ರಕ್ತ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಶೇಂಗಾ ಕಳೆ ತೆಗೆಯುವಾಗ ಹೊಲದಲ್ಲೇ ತಲೆ ಸುತ್ತಿ ಬಿದ್ದಿದ್ದಳು. ಭಾವ ನನಗೆ ಫೋನ್ ಮಾಡಿ "ನೀನಾದ್ರೆ ಓದಿದೋನು, ಒಂದ್ಸಲ ತೋರ್ಸಪ್ಪ" ಅಂದರು. ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ಅಲ್ಲಿನ ಮೇಡಂ ಒರಟರೇನಲ್ಲ, ನಗುತ್ತಲೇ ಮಾತಾಡಿದರು. ಆದರೆ ಮಾತಾಡಿದ್ದು ನನ್ನ ಜೊತೆ. "ಮಕ್ಕಳು ಎಷ್ಟು? ಎರಡಾ? ಇನ್ನೇನು ಉಪಯೋಗ ಅದರದ್ದು, ತೆಗೆಸಿಬಿಡಿ. ಬಿಟ್ಟರೆ ಮುಂದೆ ಕ್ಯಾನ್ಸರ್ ಗಿನ್ಸರ್ ಅಂತ ಯಾಕೆ ರಿಸ್ಕು?"

ಕ್ಯಾನ್ಸರ್ ಅನ್ನುವ ಶಬ್ದ ಬಿದ್ದ ಮೇಲೆ ನಮ್ಮ ಕಡೆ ಮಾತು ಮುಂದುವರಿಯುವುದಿಲ್ಲ. ದುಡ್ಡೆಷ್ಟು, ಯಾವಾಗ ಅಡ್ಮಿಟ್ ಅನ್ನುವುದಷ್ಟೇ ಉಳಿಯುತ್ತದೆ. ಅಂಥ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ, ರಕ್ತ ಕಡಿಮೆ ಮಾಡಲು ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇದೆ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ನೂ ಇದೆ ಅನ್ನುವುದು ನನಗೆ ತಿಳಿದದ್ದು ಈಗ. ಅವಳ ಗಡ್ಡೆಗೆ ಇವುಗಳಲ್ಲಿ ಯಾವುದು ಹೊಂದುತ್ತಿತ್ತೋ ಹೇಳಲಾರೆ. ಹೆಸರಂತೂ ಯಾರೂ ಎತ್ತಲಿಲ್ಲ.

ಮಾರನೇ ಬೆಳಿಗ್ಗೆ ನರ್ಸು ನಾಲ್ಕು ಪುಟದ ಇಂಗ್ಲಿಷ್ ಫಾರಂ ತಂದು "ಪೇಷಂಟ್ ಕಡೆಯೋರು ಯಾರು?" ಅಂದಳು. ಭಾವ ನನ್ನನ್ನು ಮುಂದೆ ತಳ್ಳಿದರು. ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ್ದ ಮೂರು ಕಡೆ ಸಹಿ ಮಾಡಿದೆ. ಅಕ್ಕ ಇಪ್ಪತ್ತು ಹೆಜ್ಜೆ ಆಚೆ ಹಸಿರು ಗೌನು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಹಿಂದಿನ ರಾತ್ರಿಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಎಚ್ಚರವಾಗಿದ್ದಳು, ಏಳನೇ ಕ್ಲಾಸು ಓದಿದವಳು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದವಳು. ಆ ಫಾರಂ ಅವಳ ಹತ್ತಿರ ಹೋಗಬೇಕು ಅಂತ ನರ್ಸಿಗಾಗಲಿ ಭಾವನಿಗಾಗಲಿ ನನಗಾಗಲಿ ಹೊಳೆಯಲೇ ಇಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಮಾಘದ ಚಳಿಯಲ್ಲೂ ರಾತ್ರಿ ಎದ್ದು ಅಂಗಳಕ್ಕೆ ಹೋಗಿ ಕೂರುತ್ತಿದ್ದಳು. ಮೈಯೆಲ್ಲ ಕೆಂಡ, ಬೆವರು. ಸಣ್ಣದಕ್ಕೂ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು. "ಆಪ್ರೇಷನ್ ಆದೋರಿಗೆ ಹಂಗೇ" ಅಂತ ಊರಿನ ಹೆಂಗಸರು ಹೇಳಿದ್ದರು. ಅವರಲ್ಲೂ ಸುಮಾರು ಜನ ಆಪರೇಷನ್ ಆದವರೇ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜೆನ್ ಒಂದೇ ದಿನದಲ್ಲಿ ಕುಸಿಯುತ್ತದೆ, ಮೂಳೆಯ ಸವೆತ ಅಲ್ಲಿಂದ ಶುರು ಅಂತ ಮೂಳೆ ಡಾಕ್ಟರು ಒಂದು ಚೀಟಿಯ ಮೇಲೆ ಇಳಿಜಾರಿನ ಗೆರೆ ಎಳೆದು ತೋರಿಸಿದರು. ಕ್ಯಾನ್ಸರಿನಂಥ ಕಾರಣ ಇಲ್ಲದಿದ್ದರೆ ಆ ವಯಸ್ಸಿನಲ್ಲಿ ಅವನ್ನು ಉಳಿಸುವುದೇ ರೂಢಿಯಂತೆ. ತೆಗೆದರೂ ಹಾರ್ಮೋನ್ ಮಾತ್ರೆ ಬೇಕಾ ಅಂತ ನೋಡಬೇಕಿತ್ತಂತೆ. ಕಾರಣ ಫೈಲಿನಲ್ಲಿ ಎಲ್ಲೂ ಬರೆದಿರಲಿಲ್ಲ.

ನಮ್ಮ ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ಇದನ್ನು ಹೇಳಿದಾಗ ಅವರು ಸಮೀರಾ ಕೊಹ್ಲಿ ಕೇಸಿನ ತೀರ್ಪು ಕಳಿಸಿದರು. ದೆಹಲಿಯ 44 ವರ್ಷದ ಅವಿವಾಹಿತೆ. 1995ರಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಒಳಗೆ ನೋಡುವ ಪರೀಕ್ಷೆಗಂತ ಅರಿವಳಿಕೆ ಕೊಟ್ಟು ಮಲಗಿಸಿದ್ದರು. ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. 2008ರ ಜನವರಿ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬರೆದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಆರ್. ವಿ. ರವೀಂದ್ರನ್. ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಹೆಣ್ಣಿನ ಪರವಾಗಿ ತಾಯಿಯ ಒಪ್ಪಿಗೆ ನಡೆಯುವುದಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದರೆ ಎಚ್ಚರವಾಗುವ ತನಕ ಕಾದು ಅವಳನ್ನೇ ಕೇಳಬೇಕು. ಒಳ್ಳೇದಕ್ಕೇ ಮಾಡಿದೆವು, ಎರಡು ಸಲ ಕೊಯ್ಯುವ ಖರ್ಚು ತಪ್ಪಿಸಿದೆವು ಅನ್ನುವ ವಾದ ನಿಲ್ಲಲಿಲ್ಲ. ಡಾಕ್ಟರಿಗೆ ಫೀಸು ಇಲ್ಲ, ಮೇಲೆ 25,000 ರೂಪಾಯಿ ಪರಿಹಾರ. ಅದೂ ಹನ್ನೆರಡು ಹದಿಮೂರು ವರ್ಷದ ಮೇಲೆ. ಆ ಮೊತ್ತ ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ಮಾಡುವ ಯೋಗ್ಯತೆ ನನಗಿತ್ತೋ ಇಲ್ಲವೋ ಬೇರೆ ಮಾತು. ನಾನು ಮೂರು ಕಡೆ ಸಹಿ ಹಾಕಿದಾಗ ಆ ತೀರ್ಪಿಗೆ ಮೂರು ವರ್ಷ ತುಂಬಿತ್ತು.

ಸಮೀರಾ ಕೊಹ್ಲಿಗೆ ಕೋರ್ಟಿನ ಮೆಟ್ಟಿಲು ಹತ್ತಲು ಗೊತ್ತಿತ್ತು. ನಮ್ಮೂರಿನ ಹೆಂಗಸರಿಗೆ ತಮ್ಮ ಹೊಟ್ಟೆಯಿಂದ ಏನು ಹೋಯಿತು ಅನ್ನುವುದೇ ಗೊತ್ತಿಲ್ಲ, ಇನ್ನು ಕೇಸೆಲ್ಲಿ? ಬಿಹಾರ, ಛತ್ತೀಸಗಢ, ರಾಜಸ್ಥಾನದಲ್ಲಿ ಬಡ ಹೆಂಗಸರಿಗೆ ಬೇಡದ ಗರ್ಭಕೋಶದ ಆಪರೇಷನ್ ಮಾಡಿದ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದ್ದೂ ಅವರಿಗಾಗಿ ಒಬ್ಬ ಡಾಕ್ಟರು, ನರೇಂದ್ರ ಗುಪ್ತಾ, ಅರ್ಜಿ ಹಾಕಿದ್ದರಿಂದ. ಇಂಥ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟು ರಾಜ್ಯಗಳಿಗೆ ಹೇಳಿತು.

ಅಕ್ಕನಿಗೆ ಇದನ್ನೆಲ್ಲ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಹೇಳಿದೆ. ಕೇಸು ಹಾಕೋಣವಾ ಅಂತಲೂ ಕೇಳಿದೆ, ಇಷ್ಟು ವರ್ಷದ ಮೇಲೆ ನಿಲ್ಲುವುದು ಕಷ್ಟ ಅಂತ ವಕೀಲರು ಹೇಳಿದ್ದರೂ. ಅವಳು ಎಡಗೈಯಲ್ಲಿ ಬೆಣ್ಣೆದೋಸೆ ಮುರಿಯಲು ಒದ್ದಾಡುತ್ತಿದ್ದಳು, ಬಲಗೈಗೆ ಪ್ಲಾಸ್ಟರು.

"ನೀನು ಸೈನ್ ಮಾಡಿದೆಲ್ಲ, ಅದ್ರಾಗೆ ಏನ್ ಬರ್ದಿತ್ತು?"

"ಓದಿರ್ಲಿಲ್ಲ ಅಕ್ಕ."

"ಓದಿರ್ಲಿಲ್ವಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, "ನೀನು ಓದಿ, ನಾನು ಹೆದರ್ಕಂತೀನಿ ಅಂತ ಹೇಳದೆ ಮುಚ್ಚಿಟ್ಟೀಯ ಅಂದ್ಕಂಡಿದ್ದೆ, ಡಾಕ್ಟ್ರು ಹೇಳ್ದಾಗ."

ಮೂಳೆ ಗಟ್ಟಿಯಾಗಲು ವರ್ಷಕ್ಕೊಂದು ಡ್ರಿಪ್ಪು ಹಾಕಬೇಕು ಅಂದಿದ್ದರು. ಪ್ಲಾಸ್ಟರು ಬಿಚ್ಚಿಸಿ, ಕಿಡ್ನಿ ಟೆಸ್ಟು, ಹಲ್ಲಿನ ಡಾಕ್ಟರು ಎಲ್ಲ ಮುಗಿಸಿ ಒಂದು ಬೆಳಿಗ್ಗೆ ಡೇ ಕೇರಿಗೆ ಹೋದೆವು. ಸಿಸ್ಟರ್ ಫಾರಂ ತಂದು ಅಭ್ಯಾಸದಂತೆ ನನ್ನ ಕೈಗೇ ಕೊಟ್ಟರು. ನಾನು ಅಕ್ಕನ ಕಡೆ ಚಾಚಿದೆ. ಇದೂ ಇಂಗ್ಲಿಷಿನಲ್ಲೇ.

"ಓದಿ ಹೇಳು" ಅಂದಳು, ಕನ್ನಡಕ ಹಾಕಿಕೊಳ್ಳುತ್ತಾ, ತಾನೇ ಓದುವವಳ ಹಾಗೆ.

"ಮೇಡಂ, ಹಿಂದೆ ಇನ್ನೂ ಇಬ್ಬರಿದ್ದಾರೆ" ಅಂದರು ಸಿಸ್ಟರ್.

"ಇರ್ಲಿ ಕಣವ್ವ, ಬರ್ತಾರೆ."

ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು ಅಂದೆ. ಹೂಂ ಅಂದಳು. ನೀರು ಚೆನ್ನಾಗಿ ಕುಡಿಯಬೇಕು. ಹೂಂ. ನಾಲ್ಕನೇ ಸಾಲಿನಲ್ಲಿ ಆಸ್ಟಿಯೋನೆಕ್ರೋಸಿಸ್ ಆಫ್ ದ ಜಾ ಅಂತ ಇತ್ತು, ಅಪರೂಪಕ್ಕೆ ದವಡೆಯ ಮೂಳೆ ಸಾಯುವುದು. ಹೇಗೆ ಹೇಳುವುದೋ ತಿಳಿಯದೆ ಕಣ್ಣು ಐದನೇ ಸಾಲಿಗೆ ಜಾರಿಸಿದೆ.

ಅವಳ ಬೆರಳು ನಾಲ್ಕನೇ ಸಾಲಿನ ಮೇಲೇ ಇತ್ತು.

"ಇಲ್ಲೇನೈತೆ?"