ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮಾರುತಿ 800ರ ಎರಡು ಹೆಡ್ ಗ್ಯಾಸ್ಕೆಟ್ ತಿಂದದ್ದು ಯಾರು?

ಎರಡನೇ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಕೂಡ ಮೊದಲನೆಯದು ಹೋದ ಜಾಗದಲ್ಲೇ ಹೋಯಿತು. 2 ಮತ್ತು 3ನೇ ಸಿಲಿಂಡರ್ ನಡುವೆ ಇರುವ ಆ ಕಿರಿದಾದ ಪಟ್ಟಿ, ಅಲ್ಲೇ. ಕಂಪ್ರೆಷನ್ ಗೇಜ್ 180, 70, 70 ಪಿಎಸ್‌ಐ ತೋರಿಸಿತು. ಪಕ್ಕಪಕ್ಕದ ಎರಡು ಸಿಲಿಂಡರ್ ಒಂದೇ ಕೆಳಮಟ್ಟದ ಅಂಕಿ ಕೊಟ್ಟರೆ ಹೆಡ್ ಬಿಚ್ಚುವ ಮೊದಲೇ ಉತ್ತರ ಗೊತ್ತು. ಆದರೆ ಉತ್ತರ ಗೊತ್ತಾದದ್ದು ‘ಎಲ್ಲಿ’ ಎಂಬ ಪ್ರಶ್ನೆಗೆ ಮಾತ್ರ. ‘ಏಕೆ’ ಎಂಬುದಕ್ಕೆ ಆರು ವಾರ ಹಿಡಿಯಿತು, ಕೊನೆಗೆ ಸಿಕ್ಕಿದ್ದು ಹೆಡ್ಡಿನಲ್ಲಲ್ಲ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ, ಕಿರುಬೆರಳ ಉಗುರಿನಷ್ಟು ಉದ್ದದ ಎರಡು ಸ್ಪ್ರಿಂಗ್‌ಗಳಲ್ಲಿ.

ಕಾರು ಕಾರ್ಬ್ಯುರೇಟರ್ ಇರುವ ಹಳೆಯ 800. ಎಫ್8ಬಿ ಎಂಜಿನ್, ಮೂರು ಸಿಲಿಂಡರ್, 796 ಸಿಸಿ, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಮಾಡಿದ ಮಾರ್ಪಾಡು ಒಂದೇ: ಹೆಡ್ ಫೇಸಿಂಗ್ ಮಾಡಿಸಿ (ಹೆಡ್ಡಿನ ತಳವನ್ನು ಕೆತ್ತಿಸಿ) ಕಂಪ್ರೆಷನ್ ರೇಶಿಯೋವನ್ನು, ಅಂದರೆ ಸಿಲಿಂಡರ್ ಒಳಗಿನ ಮಿಶ್ರಣ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬುದನ್ನು, 8.7ರಿಂದ 9.4ಕ್ಕೆ ಏರಿಸುವುದು. ಹೆಡ್ ಇಳಿಸುವುದು, ವಾಲ್ವ್ ಲ್ಯಾಪಿಂಗ್, ಸೀಲ್ ಬದಲಾವಣೆ ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ಬಿಡೋಣ.

ಲೆಕ್ಕವನ್ನು ಮಾತ್ರ ಬರೆದಿಡಬೇಕು, ಏಕೆಂದರೆ ಇಲ್ಲಿ ಹಲವರು ಎಡವುತ್ತಾರೆ. ಒಂದು ಸಿಲಿಂಡರ್‌ನ ಗಾತ್ರ 265.3 ಸಿಸಿ. 8.7 ರೇಶಿಯೋ ಇದ್ದಾಗ ಪಿಸ್ಟನ್ ಮೇಲೆ ಉಳಿಯುವ ಜಾಗ 34.5 ಸಿಸಿ, 9.4 ಬೇಕಾದರೆ 31.6 ಸಿಸಿ. ಅಂದರೆ 2.9 ಸಿಸಿ ಕಡಿಮೆ ಮಾಡಬೇಕು. ಪೂರ್ತಿ ಬೋರ್ ವೃತ್ತದ ಲೆಕ್ಕ ಹಿಡಿದರೆ 1 ಮಿ.ಮೀ.ಗೆ 3.7 ಸಿಸಿ ಇಳಿಯುತ್ತದೆ, ಹಾಗಾಗಿ 0.8 ಮಿ.ಮೀ. ಸಾಕು ಅನ್ನಿಸುತ್ತದೆ. ಆದರೆ ಚೇಂಬರ್‌ನ (ಹೆಡ್ಡಿನಲ್ಲಿ ಮಿಶ್ರಣ ಉರಿಯುವ ಗುಳಿ) ಬಾಯಿ ಬೋರ್‌ನಷ್ಟು ಅಗಲ ಇರುವುದಿಲ್ಲ. ಹೆಡ್ಡನ್ನು ಮಗುಚಿ, ಅಂಚಿಗೆ ಗ್ರೀಸ್ ಸವರಿ, ತೂತಿರುವ ಅಕ್ರಿಲಿಕ್ ಹಲಗೆ ಒತ್ತಿ, ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ಬ್ಯೂರೆಟ್‌ನಿಂದ ಬಿಟ್ಟು ಅಳೆದಾಗ ಈ ಹೆಡ್ಡಿನಲ್ಲಿ 1 ಮಿ.ಮೀ.ಗೆ 2.6 ಸಿಸಿ ಮಾತ್ರ ಇಳಿಯುತ್ತದೆ ಎಂದು ಗೊತ್ತಾಯಿತು. ಹಾಗಾಗಿ ತೆಗೆಸಿದ್ದು 1.1 ಮಿ.ಮೀ. ಗ್ಯಾಸ್ಕೆಟ್ ದಪ್ಪದ ಜಾಗ ಮುಂತಾದವನ್ನು ಬಿಟ್ಟು ಮೂರು ಚೇಂಬರ್‌ಗಳೂ 27.0ರಿಂದ 24.1 ಸಿಸಿಗೆ ಬಂದವು, ಒಂದಕ್ಕೊಂದು 0.2 ಸಿಸಿ ವ್ಯತ್ಯಾಸದೊಳಗೆ. ಲೇತ್‌ನವರ ಕೆಲಸ ಅಚ್ಚುಕಟ್ಟು. ಫೇಸಿಂಗ್ ಆದ ಮೇಲೆ ಚೇಂಬರ್ ಅಂಚು ಬ್ಲೇಡಿನಂತೆ ಚೂಪಾಗಿರುತ್ತದೆ. ಅದು ಕೆಂಪಗೆ ಕಾದು ತಾನೇ ಕಿಡಿಯಾಗುತ್ತದೆ, ಆದ್ದರಿಂದ 400ರ ಎಮೆರಿ ಕಾಗದದಲ್ಲಿ ಕೈಯಿಂದಲೇ ದುಂಡು ಮಾಡಬೇಕು. ಪಿಸ್ಟನ್ ಮೇಲೆ ಜೇಡಿಮಣ್ಣಿಟ್ಟು ಎರಡು ಸುತ್ತು ತಿರುಗಿಸಿ ನೋಡಿದಾಗ ಇನ್‌ಟೇಕ್ ವಾಲ್ವ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ.ಗಿಂತ ಹೆಚ್ಚು ಜಾಗ ಇತ್ತು.

ಮೊದಲ ಗ್ಯಾಸ್ಕೆಟ್ ಹೋದಾಗ ಆಪಾದನೆಗಳ ಮಳೆ. ಬೋಲ್ಟ್ ಸರಿಯಾಗಿ ಬಿಗಿಯಾಗಿಲ್ಲ, ಹೆಡ್ ಡೊಂಕಿದೆ, ಗ್ಯಾಸ್ಕೆಟ್ ಡೂಪ್ಲಿಕೇಟ್. ಒಂದೊಂದನ್ನೂ ಪರೀಕ್ಷಿಸಿದ್ದಾಯಿತು. ಡೊಂಕು: ಸ್ಟ್ರೈಟ್ ಎಡ್ಜ್ ಇಟ್ಟರೆ ಹೆಡ್ಡಿನಲ್ಲೂ ಬ್ಲಾಕಿನಲ್ಲೂ 0.05 ಫೀಲರ್ ಎಲ್ಲೂ ತೂರಲಿಲ್ಲ. ಬೋಲ್ಟ್ ವಿಷಯದಲ್ಲಿ ಫೇಸಿಂಗ್ ಮಾಡಿಸಿದ ಎಲ್ಲರೂ ನೋಡಲೇಬೇಕಾದ ಒಂದು ಅಂಶವಿದೆ. ಹೆಡ್ 1.1 ಮಿ.ಮೀ. ತೆಳ್ಳಗಾದರೆ ಬೋಲ್ಟ್ ಅಷ್ಟೇ ಆಳಕ್ಕೆ ಇಳಿಯುತ್ತದೆ. ತಳ ಮುಟ್ಟಿಬಿಟ್ಟರೆ ಟಾರ್ಕ್ ರೆಂಚ್ ‘ಟಕ್’ ಅನ್ನುತ್ತದೆ, ಹೆಡ್ ಮಾತ್ರ ಸಡಿಲವಾಗಿಯೇ ಇರುತ್ತದೆ. ತೂತಿನಲ್ಲಿ ಕೂಲಂಟ್ ನಿಂತಿದ್ದರೂ ಅದೇ ಗತಿ, ಜೊತೆಗೆ ಬ್ಲಾಕ್ ಸೀಳುವ ಅಪಾಯ. ತೂತಿನ ಆಳವನ್ನೂ ಹೆಡ್ಡಿನಿಂದ ಕೆಳಗೆ ಇಳಿಯುವ ಬೋಲ್ಟ್ ಉದ್ದವನ್ನೂ ವರ್ನಿಯರ್‌ನಲ್ಲಿ ಅಳೆದರೆ ಇನ್ನೂ 2.5 ಮಿ.ಮೀ. ಉಳಿಕೆ ಇತ್ತು. ಬೋಲ್ಟ್ ನಿರಪರಾಧಿ.

ಗ್ಯಾಸ್ಕೆಟ್ ಬಗ್ಗೆ ದೂರು ಇದೆ, ಅದನ್ನು ಹೇಳಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದೇ ಅಂಗಡಿಯಲ್ಲಿ, ಒಂದೇ ಪಾರ್ಟ್ ನಂಬರ್ ಇರುವ ಎರಡು ಡಬ್ಬಿಗಳಲ್ಲಿ ಎರಡು ದಪ್ಪದ ಗ್ಯಾಸ್ಕೆಟ್ ಸಿಕ್ಕವು. ಬಿಗಿಯಾದ ಮೇಲೆ ಒಂದು 1.2 ಮಿ.ಮೀ., ಇನ್ನೊಂದು 1.5 ಮಿ.ಮೀ. ಗ್ಯಾಸ್ಕೆಟ್ ರಂಧ್ರ 70 ಮಿ.ಮೀ. ಇರುವಾಗ ಆ 0.3 ಮಿ.ಮೀ. ಅಂದರೆ 1.15 ಸಿಸಿ, ರೇಶಿಯೋ 9.4ರಿಂದ 9.1ಕ್ಕೆ ಬೀಳುತ್ತದೆ. ಬ್ಯೂರೆಟ್ ಹಿಡಿದು ಹನಿಹನಿ ಲೆಕ್ಕ ಹಾಕಿದ್ದೆಲ್ಲ ಒಂದು ರಟ್ಟಿನ ಡಬ್ಬಿಯಿಂದ ನೀರುಪಾಲು. ದಪ್ಪವನ್ನು ಡಬ್ಬಿಯ ಮೇಲೆ ಮುದ್ರಿಸಲು ಏನು ಕಷ್ಟ? ಅಂಗಡಿಯಲ್ಲೇ ಡಬ್ಬಿ ತೆರೆದು ಮೈಕ್ರೋಮೀಟರ್ ಹಾಕಿ ಅಳೆದು ತನ್ನಿ. ಬೈದರೂ ಬಿಡಬೇಡಿ.

ಸರಿಯಾದ ದಪ್ಪದ, ಒಳ್ಳೆಯ ಎರಡನೇ ಗ್ಯಾಸ್ಕೆಟ್ ಕೂಡ ಹೋದಾಗ ಸಾಕ್ಷಿ ಕೊಟ್ಟದ್ದು ಸ್ಪಾರ್ಕ್ ಪ್ಲಗ್. 2 ಮತ್ತು 3ರ ಪ್ಲಗ್‌ಗಳ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ, ನಡುನಡುವೆ ಹೊಳೆಯುವ ಅಲ್ಯೂಮಿನಿಯಂ ಕಣ. ಪಿಸ್ಟನ್ ಅಂಚಿನಲ್ಲಿ ಮರಳು ಬಡಿದಂತಹ ತೂತುಗಳು. ಇದು ಸಡಿಲ ಬೋಲ್ಟಿನ ಲಕ್ಷಣವಲ್ಲ, ನಾಕಿಂಗ್. ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಆ ಬಡಿತಕ್ಕೆ ಲೋಹದ ಮೈಗೆ ಅಂಟಿಕೊಂಡು ಕಾಪಾಡುತ್ತಿದ್ದ ತಣ್ಣನೆಯ ಅನಿಲಪದರ ಕಿತ್ತುಹೋಗುತ್ತದೆ, ಬಿಸಿ ನೇರ ಗ್ಯಾಸ್ಕೆಟ್‌ನ ಉಕ್ಕಿನ ಉಂಗುರಕ್ಕೆ ತಾಗುತ್ತದೆ. ಎರಡು ಸಿಲಿಂಡರ್ ನಡುವಿನ ಕಿರಿದಾದ ಜಾಗವೇ ಮೊದಲು ಸೋಲುತ್ತದೆ.

ಇನ್ನೊಂದು ಸುಳಿವು ಲಾಗ್ ಪುಸ್ತಕದಲ್ಲೇ ಇತ್ತು. ಎರಡು ಗ್ಯಾಸ್ಕೆಟ್‌ಗಳೂ ಸತ್ತದ್ದು ಮಂಗಳೂರಿನಿಂದ ವಾಪಸ್ ಬರುವಾಗ, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಮೂರನೇ ಗೇರಿನಲ್ಲಿ, ಮುಕ್ಕಾಲು ಥ್ರಾಟಲ್‌ನಲ್ಲಿ. ಬೆಂಗಳೂರಿನಲ್ಲಿ ಎಷ್ಟು ಓಡಿಸಿದರೂ ಸದ್ದಿಲ್ಲ. ಕಾರಣ ಸರಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಕರಾವಳಿಗೆ ಇಳಿದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇ. 10 ಹೆಚ್ಚು, ಸಿಲಿಂಡರ್ ಅಷ್ಟು ಹೆಚ್ಚು ತುಂಬುತ್ತದೆ. ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಸರಿ ಮಾಡಿದ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ಕೆಳಗೆ ಇಳಿದಾಗ ಶೇ. 4ರಿಂದ 5ರಷ್ಟು ಲೀನ್ ಆಗುತ್ತದೆ, ಅಂದರೆ ಗಾಳಿಗೆ ಬೇಕಾದಷ್ಟು ಪೆಟ್ರೋಲ್ ಕೊಡುವುದಿಲ್ಲ. ಅದರ ಮೇಲೆ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು, ಹಾಗಾಗಿ ಹಳೆಯ ಜೆಟ್ ಮತ್ತಷ್ಟು ಲೀನ್. ಮೇನ್ ಜೆಟ್ ವ್ಯಾಸವನ್ನು ಶೇ. 2.5 ಹೆಚ್ಚಿಸಿದರೆ ಹರಿವು ಶೇ. 5 ಹೆಚ್ಚುತ್ತದೆ. ಅದನ್ನು ಮಾಡಿದ ಮೇಲೆ ಪ್ಲಗ್ ಬಣ್ಣ ಸರಿಹೋಯಿತು. ನಾಕಿಂಗ್ ಮಾತ್ರ ಹೋಗಲಿಲ್ಲ.

9.4 ರೇಶಿಯೋ, 95 ಆಕ್ಟೇನ್ (ಪೆಟ್ರೋಲ್ ನಾಕಿಂಗ್ ತಡೆಯುವ ಶಕ್ತಿಯ ಅಳತೆ). ಈ ಜೋಡಿ ನಾಕ್ ಮಾಡಬಾರದು. 100 ಆಕ್ಟೇನ್ ಪೆಟ್ರೋಲ್ 5 ಲೀಟರ್ ಹಾಕಿ ಓಡಿಸಿದಾಗ ಸ್ಟೀಲ್ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂತಹ ಆ ಸದ್ದು ಮಾಯವಾಯಿತು. ಟ್ಯಾಪೆಟ್ ಸದ್ದಲ್ಲ ಎಂಬುದು ಖಚಿತ. ಎಂಜಿನ್ ಹೀರುವ ಎಳೆತದಿಂದ ಕಿಡಿಯನ್ನು ಮುಂಚಿತಗೊಳಿಸುವ ವ್ಯಾಕ್ಯೂಮ್ ಪೈಪ್ ಕಿತ್ತು ತುದಿ ಮುಚ್ಚಿ ಓಡಿಸಿದರೂ 95ರಲ್ಲಿ ಸದ್ದು ಹಾಗೆಯೇ. ವ್ಯಾಕ್ಯೂಮ್ ಅಡ್ವಾನ್ಸ್ ಕೂಡ ನಿರಪರಾಧಿ. ಐಡಲ್ ಟೈಮಿಂಗ್ (ಪಿಸ್ಟನ್ ತುದಿ ತಲುಪಲು ಎಷ್ಟು ಡಿಗ್ರಿ ಇರುವಾಗ ಕಿಡಿ ಹಾರುತ್ತದೆ ಎಂಬುದು) 900 ಆರ್‌ಪಿಎಂಗೆ ಸರಿಯಾಗಿ 10 ಡಿಗ್ರಿ. ಹಾಗಾದರೆ ಯಾರು?

ಬಾಗಿಲು ತೆರೆದದ್ದು ಒಂದು ಸಣ್ಣ ಗಮನಿಕೆ. ಟೈಮಿಂಗ್ ಲೈಟ್ (ಕಿಡಿಯ ಕ್ಷಣಕ್ಕೆ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) ಹಿಡಿದಿದ್ದಾಗಲೇ ಐಡಲ್ ಸ್ಕ್ರೂ ತಿರುಗಿಸಿ 700ಕ್ಕೆ ಇಳಿಸಿದರೆ ಗುರುತು 10ರಿಂದ 6ಕ್ಕೆ ಜಾರಿತು. ಮತ್ತೆ 900, ಮತ್ತೆ 10. ಐಡಲ್‌ನಲ್ಲಿ ಗುರುತು ಕಲ್ಲಿನಂತೆ ನಿಲ್ಲಬೇಕು. ವೇಗ ಏರಿದಂತೆ ಹೊರಕ್ಕೆ ಸರಿದು ಕಿಡಿಯನ್ನು ಮುಂಚಿತಗೊಳಿಸುವ ಡಿಸ್ಟ್ರಿಬ್ಯೂಟರ್‌ನ ವೇಟ್‌ಗಳು ಆ ವೇಗದಲ್ಲಿ ಅಲುಗಾಡಲೇಬಾರದು. ಇಲ್ಲಿ ಅವು ಆಗಲೇ ರೆಕ್ಕೆ ಬಿಚ್ಚಿದ್ದವು.

ಆಮೇಲೆ ಯಾವ ವೇಗಕ್ಕೆ ಕಿಡಿ ಎಷ್ಟು ಮುಂಚೆ ಎಂಬ ಪೂರ್ತಿ ಅಡ್ವಾನ್ಸ್ ನಕ್ಷೆ ಅಳೆಯುವ ಕೆಲಸ. 1ನೇ ಪ್ಲಗ್ ತೂತಿಗೆ ಗಟ್ಟಿ ಸ್ಟಾಪರ್ ಹಾಕಿ, ಸ್ಟಾರ್ಟರ್ ಮುಟ್ಟದೆ ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ತಾಗಿದಾಗ ಪುಲ್ಲಿಯ ಮೇಲೆ ಒಂದು ಗೆರೆ. ಹಿಂದಕ್ಕೆ ತಿರುಗಿಸಿ ತಾಗಿದಾಗ ಇನ್ನೊಂದು. ಎರಡರ ನಟ್ಟನಡುವೆ ನಿಖರ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಇರುವ ಬಿಂದು). ಪುಲ್ಲಿಯ ಸುತ್ತಳತೆ 408 ಮಿ.ಮೀ., 36ರಿಂದ ಭಾಗಿಸಿದರೆ 10 ಡಿಗ್ರಿಗೆ 11.3 ಮಿ.ಮೀ. ಅಷ್ಟಷ್ಟು ಅಂತರಕ್ಕೆ ಗೆರೆ ಎಳೆದ ಬಿಳಿ ಟೇಪ್ ಅಂಟಿಸಿದರೆ ಬೆಲೆಬಾಳುವ ಡಯಲ್‌ಬ್ಯಾಕ್ ಲೈಟ್ ಬೇಡ. ಟ್ಯಾಕೋಮೀಟರ್ ಬಗ್ಗೆ ಎಚ್ಚರ: ನಾಲ್ಕು ಸಿಲಿಂಡರ್‌ನ ಮೀಟರನ್ನು ಮೂರು ಸಿಲಿಂಡರ್‌ಗೆ ಜೋಡಿಸಿದರೆ ಮುಕ್ಕಾಲು ಪಾಲು ಮಾತ್ರ ತೋರಿಸುತ್ತದೆ. ಮೀಟರ್ 2,250 ಅಂದರೆ ಎಂಜಿನ್ ನಿಜಕ್ಕೂ 3,000ದಲ್ಲಿದೆ.

ಸಿಕ್ಕ ಅಂಕಿಗಳು: 900ಕ್ಕೆ 10 ಡಿಗ್ರಿ, 1,500ಕ್ಕೆ 22, 2,000ಕ್ಕೆ 30, 2,500ಕ್ಕೆ 32, ಅಲ್ಲಿಂದ ಮುಂದೆ ನಿಂತಲ್ಲೇ 32. ಗರಿಷ್ಠ ಅಂಕಿಯಲ್ಲಿ ತಪ್ಪಿಲ್ಲ, ಆದರೆ 4,500ಕ್ಕೆ ಬರಬೇಕಾದ 32 ಡಿಗ್ರಿ 2,500ಕ್ಕೇ ಬಂದು ಕೂತಿದೆ. ಘಾಟಿ ಹತ್ತುವುದು ಇದೇ 2,000ದಿಂದ 3,000ದ ನಡುವೆ. ಸಿಲಿಂಡರ್ ಚೆನ್ನಾಗಿ ತುಂಬುವುದೂ ಅಲ್ಲೇ, ಉಳಿದ ಮಿಶ್ರಣಕ್ಕೆ ಸಿಡಿಯಲು ಸಮಯ ಸಿಗುವುದೂ ಅಲ್ಲೇ.

ಕ್ಯಾಪ್, ರೋಟರ್, ಬ್ರೇಕರ್ ಪ್ಲೇಟ್ ತೆಗೆದು ನೋಡಿದರೆ ವೇಟ್‌ಗಳನ್ನು ಒಳಕ್ಕೆ ಎಳೆದಿಡುವ ಎರಡೂ ಸ್ಪ್ರಿಂಗ್ ಒಂದೇ ತರಹ, ಎರಡೂ ತೆಳು. ಇರಬೇಕಾದ್ದು ಒಂದು ತೆಳು, ಒಂದು ದಪ್ಪ. ದಪ್ಪದ್ದರ ಕೊಕ್ಕೆಯಲ್ಲಿ ಉದ್ದನೆಯ ಕಣ್ಣಿರುತ್ತದೆ. ಮೊದಲು ತೆಳುವಿನದು ಒಂದೇ ಎಳೆಯುತ್ತದೆ, ವೇಟ್ ಸ್ವಲ್ಪ ಹೊರಬಂದ ಮೇಲೆ ದಪ್ಪದ್ದು ಕೈಜೋಡಿಸಿ ಏರಿಕೆಯನ್ನು ನಿಧಾನಿಸುತ್ತದೆ. ಹಿಂದೆಂದೋ ಹಾಕಿದ ರಿಪೇರಿ ಕಿಟ್‌ನಲ್ಲಿ ಯಾವುದೋ ಬೇರೆ ಗಾಡಿಯ ಸ್ಪ್ರಿಂಗ್ ಜೋಡಿ ತುಂಬಿ ‘800ಕ್ಕೆ ಫಿಟ್ ಆಗುತ್ತೆ’ ಎಂದು ಮಾರಿದ್ದಾರೆ. ಫಿಟ್ ಆಗುತ್ತದೆ, ನಿಜ. ಎರಡು ಗ್ಯಾಸ್ಕೆಟ್ ಮತ್ತು ಒಂದು ಪಿಸ್ಟನ್‌ನ ಅಂಚು ಅದರ ಬೆಲೆ.

8.7 ರೇಶಿಯೋ ಇರುವವರೆಗೆ ಎಂಜಿನ್ ಈ ತಪ್ಪನ್ನು ಸಹಿಸಿಕೊಂಡು ಓಡಿತ್ತು. ಫೇಸಿಂಗ್ ಆ ಸಹನೆಯ ಅಂಚನ್ನು ಕೆತ್ತಿಹಾಕಿತು. ಅದರಲ್ಲೂ ಡಿಸ್ಟ್ರಿಬ್ಯೂಟರ್ ವಾಲ್ವ್ ತೆರೆಯುವ ಕ್ಯಾಮ್‌ನಿಂದ ತಿರುಗುತ್ತದೆ. ಹೆಡ್ 1.1 ಮಿ.ಮೀ. ಇಳಿದರೆ ಬೆಲ್ಟ್‌ನ ಎಳೆತದ ಬದಿ ಅಷ್ಟು ಗಿಡ್ಡವಾಗಿ ಕ್ಯಾಮ್ ಹಿಂದುಳಿಯುತ್ತದೆ. ಪುಲ್ಲಿ ವ್ಯಾಸ ಸುಮಾರು 100 ಮಿ.ಮೀ. ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 2.5 ಡಿಗ್ರಿ. ಕಿಡಿಯೂ ಅಷ್ಟೇ ಹಿಂದುಳಿದು, ತಾನಾಗಿಯೇ ಒಂದು ರಕ್ಷಣೆ ಸಿಕ್ಕಿತ್ತು. ಐಡಲ್‌ನಲ್ಲಿ ಲೈಟ್ ಹಿಡಿದು 10ಕ್ಕೆ ತಂದು ನಿಲ್ಲಿಸಿದಾಗ ಆ ರಕ್ಷಣೆಯನ್ನೂ ಕಿತ್ತುಕೊಂಡಂತಾಯಿತು.

ಸ್ಪ್ರಿಂಗ್ ಮಾತ್ರ ಬಿಡಿಯಾಗಿ ಕೇಳಿದರೆ ಅಂಗಡಿಗಳಲ್ಲಿ ಪೂರ್ತಿ ಡಿಸ್ಟ್ರಿಬ್ಯೂಟರ್ ತೋರಿಸುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಶಾಫ್ಟ್ ಸವೆದುಹೋದ, ಯಾರೂ ಒಳಗೆ ಕೈಯಿಡದ ಹಳೆಯದೊಂದು ಸಿಕ್ಕಿತು, ಅದರ ಸ್ಪ್ರಿಂಗ್ ಸರಿಯಿತ್ತು. ಹಾಕುವ ಮೊದಲು 250 ಗ್ರಾಂ ತೂಕ ತೂಗುಹಾಕಿ ಹೋಲಿಸಿದಾಗ ಕಿಟ್‌ನದು 4 ಮಿ.ಮೀ. ಹಿಗ್ಗಿತು, ಹಳೆಯ ತೆಳುವಿನದು 2.5, ದಪ್ಪದ್ದು ಅಲ್ಲಾಡಲೇ ಇಲ್ಲ. ವೇಟ್‌ಗಳ ಪಿವಟ್ ಒರೆಸಿ ಒಂದೊಂದು ಹನಿ ಎಣ್ಣೆ ಸಾಕು. ಗ್ರೀಸ್ ಹಾಕಿದರೆ ಗಟ್ಟಿಯಾಗಿ ವೇಟ್ ಹೊರಗೇ ಸಿಕ್ಕಿಕೊಳ್ಳುತ್ತದೆ.

ಈಗಿನ ಅಂಕಿಗಳು: 900ಕ್ಕೆ 6, 1,500ಕ್ಕೆ 10, 2,000ಕ್ಕೆ 15, 2,500ಕ್ಕೆ 20, 3,000ಕ್ಕೆ 24, 4,500ಕ್ಕೆ 32. 700ರಿಂದ 1,000ದವರೆಗೆ ಗುರುತು ಕದಲುವುದಿಲ್ಲ. ಮೂರನೇ ಗ್ಯಾಸ್ಕೆಟ್ 1.2 ಮಿ.ಮೀ., ಅಳೆದೇ ತಂದದ್ದು. 2,300 ಕಿ.ಮೀ. ಆಯಿತು, ಅದರಲ್ಲಿ ಮೂರು ಸಲ ಶಿರಾಡಿ ಏರಿಕೆ, ನಾಲ್ಕು ಜನರ ಭಾರ, 95 ಆಕ್ಟೇನ್. ಕಡಲೆಕಾಳಿನ ಸದ್ದಿಲ್ಲ. ಕಂಪ್ರೆಷನ್ 182, 180, 181. ಫೇಸಿಂಗ್‌ಗೆ ಮೊದಲು 165 ಇತ್ತು. ಮೂರನೇ ಗೇರಿನಲ್ಲೇ ಏರುವ ತಿರುವುಗಳು ಹೆಚ್ಚಾಗಿವೆ, ಆ ಎಳೆತ ಕಾಲಿಗೆ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಸ್ಪ್ರಿಂಗ್ ಮೇಲಿನ ನಂಬಿಕೆಯೇ ಹೋಗಿದೆ, ಮುಂದಿನ ಕೆಲಸ ಡಿಸ್ಟ್ರಿಬ್ಯೂಟರನ್ನೇ ತೆಗೆಯುವುದು. ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗ, ಅದರಲ್ಲಿ ಒಂದು ಹಲ್ಲು ಖಾಲಿ), ಒಂದು ಸೆನ್ಸರ್, ನಕ್ಷೆಯನ್ನು ಅಂಕಿಗಳಲ್ಲೇ ಬರೆಯಬಹುದಾದ ಇಗ್ನಿಷನ್ ಬಾಕ್ಸ್. ನಾಲ್ಕು ಸಿಲಿಂಡರ್‌ನಲ್ಲಿ ಎರಡು ಪಿಸ್ಟನ್ ಒಟ್ಟಿಗೆ ಮೇಲೆ ಬರುವುದರಿಂದ ಒಂದು ಕಾಯಿಲ್ ಎರಡು ಪ್ಲಗ್‌ಗೆ ಸಾಲುತ್ತದೆ. ಮೂರು ಸಿಲಿಂಡರ್‌ನಲ್ಲಿ ಆ ಸೌಲಭ್ಯ ಇಲ್ಲ, ಪಿಸ್ಟನ್‌ಗಳು 120 ಡಿಗ್ರಿ ಅಂತರದಲ್ಲಿ ಒಂದೊಂದಾಗಿ ಬರುತ್ತವೆ. ಆದ್ದರಿಂದ ಮೂರು ಕಾಯಿಲ್ ಬೇಕು, ಪ್ರತಿಯೊಂದೂ ಸುತ್ತಿಗೊಂದು ಕಿಡಿ ಕೊಡುತ್ತದೆ, ಕ್ಯಾಮ್ ಸೆನ್ಸರ್ ಬೇಡ. 36 ಹಲ್ಲಿನ ಲೆಕ್ಕಕ್ಕೆ ಒಂದು ಸಿಲಿಂಡರ್‌ನಿಂದ ಇನ್ನೊಂದಕ್ಕೆ ಸರಿಯಾಗಿ 12 ಹಲ್ಲು. 3 ಮಿ.ಮೀ. ಉಕ್ಕಿನ ಹಾಳೆಯಲ್ಲಿ ಚಕ್ರ ಲೇಸರ್ ಕಟಿಂಗ್‌ಗೆ ಹೋಗಿದೆ. ಆಲ್ಟರ್ನೇಟರ್ ಬೆಲ್ಟ್‌ಗೂ ಪುಲ್ಲಿಗೂ ನಡುವೆ ಸೆನ್ಸರ್ ಬ್ರಾಕೆಟ್‌ಗೆ ಉಳಿಯುವುದು 9 ಮಿ.ಮೀ., ಸದ್ಯಕ್ಕೆ ತಲೆನೋವು ಅದೇ.