ಇಪ್ಪತ್ಮೂರನೇ ನಂಬರು

ಈ ಸೋಮವಾರ ಒಂಬತ್ತನೇ ತರಗತಿಯಲ್ಲಿ ಹಾಜರಿ ಕರೆಯುವಾಗ ನಾನು ಇಪ್ಪತ್ತೆರಡರಿಂದ ನೇರವಾಗಿ ಇಪ್ಪತ್ನಾಲ್ಕಕ್ಕೆ ಹೋದೆ. ದೀಪಾವಳಿ ರಜೆ ಮುಗಿದ ಮೇಲೆ ಆ ಹುಡುಗಿ ಶಾಲೆಗೆ ಬಂದಿಲ್ಲ. ಅವಳ ಹೆಸರಿನ ಮುಂದೆ ಕೆಂಪು ಶಾಯಿಯ ‘ಗೈ’ಗಳು ಒಂದೇ ಸಾಲಿನಲ್ಲಿ ಹದಿನಾರು ಆಗಿದ್ದವು, ಹದಿನೇಳನೆಯದನ್ನು ಬರೆಯಲು ಹೆಸರನ್ನು ಕೂಗಿ ಕಾಯಬೇಕಾಗಿಲ್ಲ ಎಂದು ಅಂದು ಅನ್ನಿಸಿತು. ಕಿಟಕಿ ಪಕ್ಕದ ಬೆಂಚಿನಿಂದ ದನಿ ಬಂತು.

“ಸರ್, ಇಪ್ಪತ್ಮೂರು ಬಿಟ್ರಿ.”

“ಆಕಿ ಬರೂದಿಲ್ಲಲ್ಲವಾ?”

“ಬರೂದಿಲ್ಲ ಖರೆ ರೀ. ಆದ್ರ ಹೆಸರು ಕರೀರಿ.”

ನಾನು ಕರೆಯಲಿಲ್ಲ. ಕೂಡು ಎಂದು ಹೇಳಿ ಪಾಠಕ್ಕೆ ತೊಡಗಿದೆ. ‘ಬರೂದಿಲ್ಲ ಖರೆ, ಆದ್ರ ಕರೀರಿ’ ಎಂಬ ಮಾತು ಅಂದು ಸಂಜೆ ಬಸ್ಸಿನಲ್ಲಿ, ರಾತ್ರಿ ಊಟದ ಮುಂದೆ, ಮತ್ತೆ ಮತ್ತೆ ಕಿವಿಗೆ ಬರುತ್ತಲೇ ಇತ್ತು.

ಹೀಗೆ ಕೇಳಿದವಳು ತರಗತಿಯ ಲೀಡರ್. ಹೋದವಳ ಗೆಳತಿಯೇನೂ ಅಲ್ಲ. ಆಗಸ್ಟ್‌ನಲ್ಲಿ ನೀರಿನ ನಲ್ಲಿಯ ಹತ್ತಿರ ಇಬ್ಬರೂ ಜಡೆ ಹಿಡಿದು ಜಗಳವಾಡಿದ್ದಕ್ಕೆ ನಾನೇ ಅವರನ್ನು ಒಂದು ಪೀರಿಯಡ್ ಪೂರ್ತಿ ವರಾಂಡದಲ್ಲಿ ನಿಲ್ಲಿಸಿದ್ದೆ. ಮೊದಲು ಕಂಬದ ಆಚೆಗೊಬ್ಬಳು, ಈಚೆಗೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದರು. ಬೆಲ್ ಹೊಡೆಯುವ ಮುನ್ನ ಬಾಗಿಲಿನಿಂದ ಇಣುಕಿದಾಗ, ಒಬ್ಬಳ ಬಿಚ್ಚಿದ ರಿಬ್ಬನ್ನನ್ನು ಇನ್ನೊಬ್ಬಳು ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು ಬಿಗಿಯಾಗಿ ಕಟ್ಟುತ್ತಿದ್ದಳು. ಮಾತು ಮಾತ್ರ ಆಗಲೂ ಇರಲಿಲ್ಲ.

ನಮ್ಮ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುವುದು ಹೊಸದಲ್ಲ. ಕಾರ್ಖಾನೆಗಳು ನುರಿಸಲು ಆರಂಭಿಸುವ ಹೊತ್ತಿಗೆ ಗಂಡ-ಹೆಂಡತಿಯ ಜೋಡಿಗೆ ಕೊಟ್ಟ ಮುಂಗಡ ಮನೆಯಲ್ಲಿ ಖರ್ಚಾಗಿ ಹೋಗಿರುತ್ತದೆ, ಹೋಗಲೇಬೇಕು. ಇಬ್ಬರೂ ನಸುಕಿನಲ್ಲಿ ಹೊಲಕ್ಕಿಳಿದರೆ ಎರಡು ವರ್ಷದ ತಮ್ಮನನ್ನು ಎತ್ತಿಕೊಳ್ಳಲು, ರೊಟ್ಟಿ ಬಡಿಯಲು, ನೀರು ತರಲು ಈ ಹುಡುಗಿ ಬೇಕು. ಅವಳ ತಂದೆ ಹೇಳದೆ ಹೋದವರಲ್ಲ. ಚಪ್ಪಲಿ ಕೆಳಗೆ ಬಿಟ್ಟು ವರಾಂಡದ ಮೆಟ್ಟಿಲ ಮೇಲೆ ನಿಂತು, “ಯುಗಾದಿಗೆ ಬರ್ತೀವ್ರಿ ಸರ್, ಹೆಸರು ತೆಗೀಬ್ಯಾಡ್ರಿ” ಎಂದು ಕೈ ಮುಗಿದು ಹೋಗಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರ ದುಡಿಮೆಗೆ ಮುಂಗಡ ಲೆಕ್ಕ ಹಾಕಿ, ಮೂರನೆಯವಳ ದುಡಿಮೆಯನ್ನು ಎಲ್ಲಿಯೂ ಬರೆಯದ ಆ ಪದ್ಧತಿಯ ಮೇಲೆ ಸಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಮಗು ಮನೆಗೆಲಸಕ್ಕೂ ತಮ್ಮನನ್ನು ಸಾಕುವುದಕ್ಕೂ ಸರಿಯಾಗಿ ಒದಗುವ ವಯಸ್ಸಿನಲ್ಲೇ ಆ ಕಾಯ್ದೆ ಕೈ ಬಿಡುತ್ತದೆ. ಯುಗಾದಿಗೆ ಅವರು ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ ಎಂಬುದನ್ನು ಅಂದು ಆ ತಂದೆಗೆ ಹೇಳಲು ನನ್ನ ಬಾಯಿ ಬರಲಿಲ್ಲ. ಹೇಳಬೇಕಿತ್ತು.

ಸ್ಟಾಫ್ ರೂಮಿನಲ್ಲಿ ಈ ವಿಷಯ ತೆಗೆದಾಗ ಸಹೋದ್ಯೋಗಿಯೊಬ್ಬರು, ಹೆಸರು ಉಳಿಸಿಕೊಂಡರೆ ಇಡೀ ತರಗತಿಯ ಹಾಜರಾತಿ ಶೇಕಡಾವಾರು ಬೀಳುತ್ತದೆ, ಒಟ್ಟು ಸಂಖ್ಯೆಯನ್ನು 40 ಮಾಡಿಬಿಡಿ ಎಂದರು. ಗಣಿತವನ್ನು ಅವರಷ್ಟು ಪ್ರೀತಿಯಿಂದ ಕಲಿಸುವವರನ್ನು ನಾನು ಕಂಡಿಲ್ಲ, ಸಂಜೆ ಆರರವರೆಗೆ ಕುಳಿತು ದಡ್ಡರೆನಿಸಿಕೊಂಡ ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುತ್ತಾರೆ. ಆದರೆ ಹಾಜರಿ ಪುಸ್ತಕವನ್ನು ಅವರು ಬರೀ ಲೆಕ್ಕವೆಂದು ನೋಡುವುದು ತಪ್ಪು. ಸೋಮವಾರ ನಾನು ಮಾಡಿದ್ದೂ ಅದೇ ತಪ್ಪು. ಬಾಯಲ್ಲಿ ಹೆಸರು ಬರುವುದು ನಿಂತ ಎಷ್ಟು ದಿನಕ್ಕೆ ಅದು ಪುಸ್ತಕದಿಂದಲೂ ಹೋಗುತ್ತದೆ ಎಂಬುದನ್ನು ಈ ಕೆಲಸದಲ್ಲಿ ನಾನು ಕಂಡಿದ್ದೇನೆ. ಹಾಗೆ ಹೋದ ಹುಡುಗಿಯರಲ್ಲಿ ಇಬ್ಬರು ಈಗ ಸಂತೆಯಲ್ಲಿ ಕಂಕುಳಲ್ಲಿ ಕೂಸಿಟ್ಟುಕೊಂಡು ನನಗೆ ನಮಸ್ಕಾರ ಮಾಡುತ್ತಾರೆ.

ಮಂಗಳವಾರ ಇಪ್ಪತ್ಮೂರನೇ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನೊಂದಿಗೆ ಕರೆದೆ. ಸಾಮಾನ್ಯವಾಗಿ ಯಾರಾದರೂ ಇಲ್ಲದಿದ್ದರೆ ಹಿಂದಿನ ಬೆಂಚಿನ ಹುಡುಗರು ಒಂದು ಮಾತು ಸೇರಿಸುವುದುಂಟು. ಅಂದು ಯಾರೂ ತುಟಿ ಬಿಚ್ಚಲಿಲ್ಲ. ನಾನು ಸ್ವಲ್ಪ ಹೊತ್ತು ಕಾದು ‘ಗೈ’ ಎಂದು ಬರೆದೆ. ಕಿಟಕಿ ಪಕ್ಕದವಳು ತಲೆ ಎತ್ತಲಿಲ್ಲ, ಹಾಳೆಗೆ ಗೆರೆ ಎಳೆಯುತ್ತಿದ್ದಳು.

ಆಮೇಲೆ ಬಿಸಿಯೂಟದ ಲೆಕ್ಕ ಬರೆಯಲು ಸೀಮೆಸುಣ್ಣ ಹಿಡಿದು ವರಾಂಡಕ್ಕೆ ಹೋದಳು. ನಾನೂ ಹಿಂದೆಯೇ ಹೋಗಿ ನೋಡಿದೆ. ಹಿಂದಿನ ದಿನದ್ದು ಇನ್ನೂ ಅಳಿಸಿರಲಿಲ್ಲ. ನಾನು ಹೆಸರು ಬಿಟ್ಟಿದ್ದ ಸೋಮವಾರದಂದೂ ಅಲ್ಲಿ, ಅವಳ ದುಂಡನೆಯ ಅಕ್ಷರದಲ್ಲಿ, ‘ಒಟ್ಟು 41’ ಎಂದೇ ಇತ್ತು.