ನಾಯಿ ಸಿಹಿ ತಿಂದಿದೆ ಅಂತ ಫೋನ್ ಬಂದಾಗ ನಾನು ಮೊದಲು ಕೇಳುವುದು

"ಡಾಕ್ಟ್ರೇ, ನಮ್ಮ ನಾಯಿ ಸ್ವೀಟ್ ತಿಂದುಬಿಟ್ಟಿದೆ. ಏನಾದ್ರೂ ಆಗುತ್ತಾ?"

ಹಬ್ಬದ ದಿನಗಳಲ್ಲಿ ನಮ್ಮ ಕ್ಲಿನಿಕ್ಕಿಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ನಾನು ಸಾಕುಪ್ರಾಣಿಗಳ ವೈದ್ಯೆ. ಈ ಪ್ರಶ್ನೆಗೆ ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ದೊಡ್ಡ ನಾಯಿಯೊಂದು ಸಾದಾ ಕೇಕಿನ ಒಂದು ತುಂಡು ತಿಂದರೆ ಬಹುತೇಕ ಏನೂ ಆಗುವುದಿಲ್ಲ. ಜಾಸ್ತಿ ಅಂದರೆ ಒಂದೆರಡು ಸಲ ಭೇದಿಯಾಗಬಹುದು. ನೋಡಲು ಅಷ್ಟೇ ದೊಡ್ಡದಾದ ಇನ್ನೊಂದು ತುಂಡು ಪುಟ್ಟ ನಾಯಿಯ ಜೀವವನ್ನೇ ತೆಗೆಯಬಹುದು. ಒಳಗೆ ಏನು ಹಾಕಿದ್ದಾರೆ ಅನ್ನೋದೇ ಮುಖ್ಯ.

ಅದಕ್ಕೇ ನಮ್ಮಲ್ಲಿ ಹೊಸದಾಗಿ ಫೋನ್ ತೆಗೆಯುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು: ತಿಂಡಿಯ ಹೆಸರು ಬರೆದುಕೊಂಡು ಸುಮ್ಮನಾಗಬೇಡಿ, ಅದರೊಳಗೆ ಏನೇನಿತ್ತು ಅಂತ ಕೇಳಿ. ಆಮೇಲೆ ಎಷ್ಟು ತಿಂದಿದೆ, ಯಾವಾಗ ತಿಂದಿದೆ, ನಾಯಿಯ ತೂಕ ಎಷ್ಟು. ಪ್ಯಾಕೆಟ್ ಇದ್ದರೆ ಅದನ್ನು ಕೈಗೆ ತೆಗೆದುಕೊಂಡು ಓದಲು ಹೇಳಿ. ಇಷ್ಟು ಗೊತ್ತಾದರೆ ನಾಯಿಯನ್ನು ಈಗಲೇ ಕರೆಸಬೇಕೋ, ಮನೆಯಲ್ಲೇ ನೋಡಿಕೊಳ್ಳಿ ಅನ್ನಬಹುದೋ ಅಂತ ಹೇಳಬಹುದು.

ಒಂದು ಫೋನ್ ಇವತ್ತಿಗೂ ಕಿವಿಯಲ್ಲಿದೆ. "ಬಿಸ್ಕತ್ತು ತಿಂದಿದೆ ಮೇಡಂ, ಅರ್ಧ ಪ್ಯಾಕೆಟ್. ಆದ್ರೆ ಶುಗರ್ ಫ್ರೀ. ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ತಂದಿದ್ದು. ಹಾಗಾಗಿ ತೊಂದರೆ ಇಲ್ಲ ಅಲ್ವಾ?" ಆಕೆಯ ದನಿಯಲ್ಲಿ ಗಾಬರಿ ಇರಲಿಲ್ಲ. ಸುಮ್ನೆ ಒಂದು ಮಾತು ಕೇಳಿಬಿಡೋಣ ಅಂತ ಮಾಡಿದ ಫೋನ್ ಅದು. ಪ್ಯಾಕೆಟ್ಟಿನ ಹಿಂದೆ ಬರೆದಿರುವುದನ್ನು ಓದಿ ಅಂದೆ. ಗೋಧಿ ಹಿಟ್ಟು, ಎಣ್ಣೆ, ಕ್ಸೈಲಿಟಾಲ್... ಅಲ್ಲಿಗೇ ನಿಲ್ಲಿಸಿ, ಈಗಲೇ ಹೊರಡಿ ಅಂದೆ. ಅವರು ಬಂದು ಮುಟ್ಟುವಷ್ಟರಲ್ಲಿ ನಾಯಿಯ ಹಿಂಗಾಲು ತೂರಾಡುತ್ತಿತ್ತು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ತಕ್ಷಣ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು, ಆಮೇಲೆ ಡ್ರಿಪ್‌ನಲ್ಲಿ ಮುಂದುವರಿಸಿದೆವು. ಗಂಟೆಗಂಟೆಗೂ ಸಕ್ಕರೆ ನೋಡುತ್ತಿದ್ದೆವು, ಲಿವರ್ ಪರೀಕ್ಷೆಯನ್ನೂ ಮತ್ತೆ ಮತ್ತೆ ಮಾಡಿಸಿದೆವು. ನಾಯಿ ಉಳಿಯಿತು.

ಕ್ಸೈಲಿಟಾಲ್ ಅಂದರೆ ಸಕ್ಕರೆಯ ಬದಲಿಗೆ ಹಾಕುವ ಒಂದು ಸಿಹಿ ಪದಾರ್ಥ. ಮನುಷ್ಯರ ಇನ್ಸುಲಿನ್ ಮೇಲೆ ಅದರ ಪ್ರಭಾವ ತೀರಾ ಕಡಿಮೆ. ನಾಯಿಯ ದೇಹ ಮಾತ್ರ ಅದನ್ನು ನಿಜವಾದ ಸಕ್ಕರೆ ಅಂತಲೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಯುತ್ತದೆ. ರಕ್ತದಲ್ಲಿರುವ ಸಕ್ಕರೆ ಕುಸಿಯುತ್ತದೆ. ಹೆಚ್ಚಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇದು ಕಾಣುತ್ತದೆ. ಕೆಲವು ಸಲ 12 ಗಂಟೆವರೆಗೂ ತಡವಾಗುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ 0.1 ಗ್ರಾಂ ಹೋದರೂ ಸಕ್ಕರೆ ಇಳಿಯಬಹುದು. ಕಿಲೋಗೆ 0.5 ಗ್ರಾಂ ದಾಟಿದರೆ ಲಿವರ್ ಕೆಡುವ ಭಯ. ಐದು ಕಿಲೋ ನಾಯಿಯ ಸಕ್ಕರೆ ಇಳಿಯಲು ಒಟ್ಟು ಅರ್ಧ ಗ್ರಾಂ ಸಾಕು, ಚಮಚದ ತುದಿಯಲ್ಲಿ ನಿಲ್ಲುವಷ್ಟು! ಲೇಬಲ್ಲಿನಲ್ಲಿ ಇದು ಇ967 ಅಂತಲೋ ಬರ್ಚ್ ಶುಗರ್ ಅಂತಲೋ ಇರಬಹುದು. ಕೇಕು, ಬಿಸ್ಕತ್ತು, ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳು, ಇಂಥವುಗಳಲ್ಲಿ ಇರಬಹುದು. ಸಕ್ಕರೆ ಇಲ್ಲ ಅಂದ ಮಾತ್ರಕ್ಕೆ ನಾಯಿಗೆ ಒಳ್ಳೆಯದು ಅನ್ನುವ ನಂಬಿಕೆ ನನಗೆ ಬಹಳ ಹೆದರಿಕೆ ತರಿಸುತ್ತದೆ. ಹೀಗೆ ನಂಬಿದವರು ಫೋನ್ ಮಾಡುವುದೇ ಇಲ್ಲ.

ಚಾಕೊಲೇಟ್ ವಿಷಯ ಈಗ ಬಹಳ ಜನಕ್ಕೆ ಗೊತ್ತು. ಆದರೆ ಎಲ್ಲ ಚಾಕೊಲೇಟೂ ಒಂದೇ ಅಂದುಕೊಂಡಿರುತ್ತಾರೆ. ತೊಂದರೆ ಕೊಡುವುದು ಅದರಲ್ಲಿರುವ ಥಿಯೋಬ್ರೋಮಿನ್, ಜೊತೆಗೆ ಸ್ವಲ್ಪ ಕೆಫೀನ್. ಒಂದು ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್ ಸುಮಾರು 2 ಮಿಲಿಗ್ರಾಂ. ಡಾರ್ಕ್ ಚಾಕೊಲೇಟಿನಲ್ಲಿ 5ರ ಆಸುಪಾಸು. ಕೋಕೋ ಪುಡಿಯಲ್ಲಿ 20 ಮತ್ತು ಅದಕ್ಕೂ ಜಾಸ್ತಿ. ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ ಶುರು. 40 ದಾಟಿದರೆ ಎದೆಬಡಿತ ಏರುಪೇರು. 60ರ ಹೊತ್ತಿಗೆ ಫಿಟ್ಸ್ ಬರಬಹುದು. ಈಗ ಹತ್ತು ಕಿಲೋ ನಾಯಿ 50 ಗ್ರಾಂ ಹಾಲಿನ ಚಾಕೊಲೇಟ್ ತಿಂದಿದೆ ಅನ್ನಿ. ಕಿಲೋಗೆ 10 ಮಿಲಿಗ್ರಾಂ ಆಯಿತು, ಹೊಟ್ಟೆ ಕೆಟ್ಟೀತು ಅಷ್ಟೇ. ಅದೇ ನಾಯಿ ಕೇಕ್ ಮಾಡಲು ಇಟ್ಟಿದ್ದ 50 ಗ್ರಾಂ ಕೋಕೋ ಪುಡಿ ನೆಕ್ಕಿದರೆ ಕಿಲೋಗೆ 100. ಇದು ಜೀವ ಹೋಗುವ ಮಟ್ಟ. ಬಿಳಿ ಚಾಕೊಲೇಟಿನಲ್ಲಿ ಥಿಯೋಬ್ರೋಮಿನ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಕೊಬ್ಬು ತುಂಬಾ.

ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬೇಗ ಇಳಿಯುವುದಿಲ್ಲ. ಅರ್ಧದಷ್ಟು ಇಳಿಯಲು ಸುಮಾರು 17 ಗಂಟೆ ಬೇಕು. ಮೂತ್ರಕೋಶಕ್ಕೆ ಬಂದದ್ದು ಅಲ್ಲಿಂದಲೇ ಮತ್ತೆ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಚಾಕೊಲೇಟ್ ತಿಂದು ನಮ್ಮಲ್ಲಿ ದಾಖಲಾದ ನಾಯಿಗಳನ್ನು ರಾತ್ರಿಯೆಲ್ಲ ಮತ್ತೆ ಮತ್ತೆ ಮೂತ್ರಕ್ಕೆ ಕರೆದುಕೊಂಡು ಹೋಗುತ್ತೇವೆ. ನಮ್ಮ ಹುಡುಗರು ನಿದ್ದೆಗೆಟ್ಟು ಮಾಡುವ ಈ ಕೆಲಸ ಔಷಧಿಯಷ್ಟೇ ಮುಖ್ಯ.

ಒಣದ್ರಾಕ್ಷಿ ಹಾಕಿದ ತಿಂಡಿ ಅಂದಾಗ ಮಾತ್ರ ನಾನು ಲೆಕ್ಕ ಹಾಕುತ್ತಾ ಕೂರುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ಕೆಡಿಸಿಬಿಡುತ್ತವೆ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಗಡಿ ಇಲ್ಲ. ಒಂದು ನಾಯಿ ಹಿಡಿ ತುಂಬಾ ತಿಂದು ಆರಾಮಾಗಿರುತ್ತದೆ, ಇನ್ನೊಂದಕ್ಕೆ ಕೆಲವೇ ಕಾಳು ಸಾಕಾಗುತ್ತದೆ. ಬೇಯಿಸಿದರೂ ಅಪಾಯ ಹೋಗುವುದಿಲ್ಲ. ಕಾರಣ ಏನು ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಆಡಲು ಮಾಡಿಕೊಟ್ಟ ಹಿಟ್ಟನ್ನು ತಿಂದ ನಾಯಿಯೊಂದಕ್ಕೆ ದ್ರಾಕ್ಷಿ ತಿಂದಾಗ ಆಗುವ ಹಾಗೇ ಕಿಡ್ನಿ ಕೆಟ್ಟಿತು. ಆ ಹಿಟ್ಟಿನಲ್ಲಿ ಕ್ರೀಮ್ ಆಫ್ ಟಾರ್ಟರ್ ಇತ್ತು, ಅಂದರೆ ಬೇಕಿಂಗ್‌ಗೆ ಬಳಸುವ, ಟಾರ್ಟಾರಿಕ್ ಆಮ್ಲದ ಲವಣವಾದ ಪುಡಿ. ಅದರ ಎಳೆ ಹಿಡಿದು ಹೋದ ಅಮೆರಿಕದ ಪಶುವೈದ್ಯರು 2021ರಲ್ಲಿ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಅಂತ ಮುಂದಿಟ್ಟರು. ಒಂದು ದ್ರಾಕ್ಷಿಗೂ ಇನ್ನೊಂದು ದ್ರಾಕ್ಷಿಗೂ ಈ ಆಮ್ಲದ ಪ್ರಮಾಣ ಬೇರೆ ಬೇರೆ. ಒಂದು ನಾಯಿಗೆ ಏನೂ ಆಗದೆ ಇನ್ನೊಂದು ಸಾಯುವ ಹಾಗಾಗುವುದು ಯಾಕೆ ಅನ್ನೋದಕ್ಕೆ ಇದು ಸ್ವಲ್ಪ ಉತ್ತರ ಕೊಡುತ್ತದೆ. ಮೊದಲ ದಿನ ವಾಂತಿ ಬಿಟ್ಟರೆ ಏನೂ ಕಾಣದೆ ಇರಬಹುದು. ಎರಡನೇ, ಮೂರನೇ ದಿನ ಮೂತ್ರ ಕಡಿಮೆಯಾಗುತ್ತದೆ. ಆಗ ಕರೆದುಕೊಂಡು ಬಂದರೆ ನಮ್ಮ ಕೈಯಲ್ಲಿ ಮಾಡುವುದು ಬಹಳ ಉಳಿದಿರುವುದಿಲ್ಲ.

ಇನ್ನು ವಿಷ ಅಂತ ಏನೂ ಇಲ್ಲದ ಸಿಹಿ. ಬೆಣ್ಣೆ, ಕೆನೆ, ಸಕ್ಕರೆ ಮಾತ್ರ. ಇದಕ್ಕೂ ನಾಯಿಗಳು ಮಲಗಿಬಿಡುತ್ತವೆ. ಒಮ್ಮೆಲೇ ಅಷ್ಟು ಜಿಡ್ಡು ಹೊಟ್ಟೆಗೆ ಹೋದಾಗ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಆಹಾರವನ್ನು ಅರಗಿಸಬೇಕಾದ ರಸ ಆ ಗ್ರಂಥಿಯನ್ನೇ ಅರಗಿಸಲು ಶುರುಮಾಡುತ್ತದೆ. ವಿಪರೀತ ನೋವು. ನಾಯಿ ಮುಂಗಾಲು ಚಾಚಿ ಎದೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನು ಮೇಲೆತ್ತಿ ನಿಂತಿರುತ್ತದೆ. ಆಟಕ್ಕೆ ಕರೆಯುತ್ತಿದೆ ಅಂತ ಮನೆಯವರಿಗೆ ಅನಿಸಬಹುದು, ಆದರೆ ಬಾಲ ಆಡುತ್ತಿರುವುದಿಲ್ಲ. ತಿಂದ ಒಂದೆರಡು ದಿನದ ಮೇಲೆ ಇದು ಕಾಣಿಸುವುದರಿಂದ ಹಬ್ಬದ ಸಿಹಿಗೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯುವುದಿಲ್ಲ. ದಪ್ಪ ನಾಯಿಗಳಿಗೆ, ಮಿನಿಯೇಚರ್ ಶ್ನಾಜರ್ ತಳಿಗೆ ಈ ಅಪಾಯ ಜಾಸ್ತಿ. ಹಿಂದೆ ಒಮ್ಮೆ ಆಗಿದ್ದರೆ ಮತ್ತೆ ಆಗುವ ಸಾಧ್ಯತೆಯೂ ಹೆಚ್ಚು. ವಾಂತಿ ಅಂತ ಬಂದವರಿಗೆ ನಿನ್ನೆ ಏನು ತಿಂದಿತು ಅಂತ ಕೇಳಿದರೆ ಸಾಲದು, ಹಿಂದಿನ ಮೂರು ದಿನದ್ದೂ ಕೇಳಬೇಕು.

ಯೀಸ್ಟ್ ಹಾಕಿದ ಹಸಿ ಹಿಟ್ಟು ಹೊಟ್ಟೆಯ ಬಿಸಿಗೆ ಉಬ್ಬುತ್ತದೆ, ಆಲ್ಕೋಹಾಲನ್ನೂ ಮಾಡುತ್ತದೆ. ರಮ್ಮಿನಲ್ಲಿ ನೆನೆಸಿದ ಕೇಕು ಅಂದರೆ ಮದ್ಯವೇ. ಮೆಕಡೇಮಿಯಾ ಬೀಜ ತಿಂದ ನಾಯಿಯ ಹಿಂಗಾಲು ಸೋಲುತ್ತದೆ, ಸಾಮಾನ್ಯವಾಗಿ ಎರಡು ದಿನದಲ್ಲಿ ಸರಿಹೋಗುತ್ತದೆ. ತಿಂಡಿಗೆ ಸುತ್ತಿದ ಹಾಳೆ, ದಾರ, ಚುಚ್ಚಿದ ಕಡ್ಡಿ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗುವುದುಂಟು.

ಬೆಕ್ಕಿನವರು ಇಂಥ ಫೋನ್ ಮಾಡುವುದು ಕಡಿಮೆ. ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದೇ ಇಲ್ಲ. ನಾಯಿಗೆ ಚೆನ್ನಾಗಿ ಗೊತ್ತಾಗುತ್ತದೆ, ಪಾಪ. ಎಷ್ಟು ಸಿಕ್ಕಿದರೂ ಅಷ್ಟನ್ನೂ ಮುಗಿಸುತ್ತದೆ.

ಈ ಕೆಲಸ ನನಗೆ ಕಲಿಸಿದ ಇನ್ನೊಂದು ವಿಷಯ ಕೇಳುವ ರೀತಿಗೆ ಸಂಬಂಧಿಸಿದ್ದು. "ಅಯ್ಯೋ, ಯಾಕೆ ಕೊಟ್ರಿ?" ಅಂತ ಶುರುಮಾಡಿದರೆ ಉತ್ತರ ಚಿಕ್ಕದಾಗುತ್ತದೆ. ಅರ್ಧ ಕೇಕ್ ಹೋಗಿ ಒಂದು ತುಣುಕಾಗುತ್ತದೆ. ಬೆಳಿಗ್ಗೆ ತಿಂದದ್ದು ಈಗ ತಾನೇ ತಿಂದದ್ದಾಗುತ್ತದೆ. ಅಜ್ಜಿ ಪ್ರೀತಿಯಿಂದ ಕೊಟ್ಟಿರುತ್ತಾರೆ, ಮಗು ತನ್ನ ಪಾಲಿನಲ್ಲಿ ಹಂಚಿಕೊಂಡಿರುತ್ತದೆ. ಅವರನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರುವುದಿಲ್ಲ. ಹಾಗಾಗಿ ನಾನು ಮೊದಲೇ ಹೇಳಿಬಿಡುತ್ತೇನೆ: "ಯಾರು ಕೊಟ್ಟರು ಅನ್ನೋದು ಬೇಡ. ಜಾಸ್ತಿ ಅಂದ್ರೆ ಎಷ್ಟು ಹೋಗಿರಬಹುದು, ಅದನ್ನು ಹೇಳಿ." ಆಗ ನಿಜವಾದ ಅಳತೆ ಸಿಗುತ್ತದೆ. ಮನೆಯಲ್ಲಿ ಎರಡು ನಾಯಿ ಇದ್ದು ಯಾವುದು ತಿಂದಿದೆ ಅಂತ ಗೊತ್ತಿಲ್ಲದಿದ್ದರೆ, ಇಡೀ ತಿಂಡಿಯನ್ನು ಒಂದೊಂದು ನಾಯಿಯೂ ತಿಂದಿದೆ ಅಂತಲೇ ಲೆಕ್ಕ ಹಾಕಿ ಎರಡನ್ನೂ ನೋಡುತ್ತೇವೆ.

ಫೋನಿನಲ್ಲಿ ಇನ್ನೊಂದು ಮಾತು ಕೇಳುತ್ತೇನೆ, ಇಷ್ಟರೊಳಗೆ ಏನಾದ್ರೂ ಮಾಡಿದ್ದೀರಾ ಅಂತ. ಎಷ್ಟೋ ಜನ ವಾಂತಿಯಾಗಲಿ ಅಂತ ಉಪ್ಪುನೀರು ಕುಡಿಸಿರುತ್ತಾರೆ. ದಯವಿಟ್ಟು ಬೇಡ. ವಾಂತಿ ಆಗದಿದ್ದರೆ ಆ ಉಪ್ಪೇ ರಕ್ತ ಸೇರಿ ಮಿದುಳಿಗೆ ಕುತ್ತು ತರುತ್ತದೆ. ಗಂಟಲಿಗೆ ಬೆರಳು ಹಾಕುವುದೂ ಬೇಡ. ಹಾಲು ಕುಡಿಸಿದರೆ ವಿಷ ಇಳಿಯುವುದಿಲ್ಲ. ತೂರಾಡುತ್ತಿರುವ, ಮಂಪರಿನಲ್ಲಿರುವ ನಾಯಿಗೆ ವಾಂತಿ ಮಾಡಿಸಲು ಹೋದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಾವು ವಾಂತಿ ಮಾಡಿಸುವುದು ಇಂಜೆಕ್ಷನ್ ಕೊಟ್ಟು, ಅದೂ ನಾಯಿ ಎಚ್ಚರವಾಗಿದ್ದಾಗ ಮಾತ್ರ. ತಿಂದ ಎರಡು ಗಂಟೆಯೊಳಗೆ ಬಂದರೆ ಬಹಳಷ್ಟು ಹೊರಗೆ ಬರುತ್ತದೆ. ಚಾಕೊಲೇಟ್ ಹೊಟ್ಟೆಯಲ್ಲಿ ಅಂಟಿಕೊಂಡು ಉಂಡೆಯಾಗುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಕ್ಸೈಲಿಟಾಲ್ ತಿಂದು ತೂರಾಡುತ್ತಿರುವ ನಾಯಿಗೆ ಮಾತ್ರ ದಾರಿಯಲ್ಲಿ ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಸವರಲು ಹೇಳುತ್ತೇವೆ.

ಬರುವಾಗ ಪ್ಯಾಕೆಟ್ ತನ್ನಿ, ಹರಿದಿದ್ದರೂ ಸರಿ. ಮನೆಯಲ್ಲೇ ಮಾಡಿದ್ದಾದರೆ ಏನೇನು ಹಾಕಿದಿರಿ ಅಂತ ಚೀಟಿಯಲ್ಲಿ ಬರೆದು ತನ್ನಿ, ಮಾಡಿದವರಿಗೇ ಫೋನ್ ಮಾಡಿ ಕೇಳಿ. ದಾರಿಯಲ್ಲಿ ವಾಂತಿ ಆದರೆ ಅದನ್ನೂ ಕವರಿನಲ್ಲಿ ತುಂಬಿಸಿಕೊಂಡು ಬನ್ನಿ. ಅದರೊಳಗೆ ಎಷ್ಟು ಒಣದ್ರಾಕ್ಷಿ ಇದೆ ಅಂತ ನಾವು ಎಣಿಸಿ ನೋಡುತ್ತೇವೆ.